ಹಂಡೆಯ ಮೇಲೆ ಒಣಗಿದ ಹೆಲ್ಮೆಟ್ಟು

ಬಚ್ಚಲುಮನೆಯ ಒಲೆ ಒಡೆಸಿ ಗೀಸರ್ ಹಾಕಿಸುತ್ತೇನೆ, ಒಮ್ಮೆ ಬಂದು ಹೋಗು ಎಂದು ಉಮ್ಮ ಫೋನ್ ಮಾಡಿದ್ದರು. ಒಲೆ ಒಡೆಯುವುದರಲ್ಲಿ ನೋಡುವಂಥದ್ದು ಏನಿದೆ ಎಂದು ಗೊಣಗುತ್ತಲೇ ಶನಿವಾರ ಶಾಲೆ ಮುಗಿಸಿ ಬೆಳ್ತಂಗಡಿಯಿಂದ ಬಸ್ಸು ಹತ್ತಿದೆ. ನರಿಕೊಂಬಿನ ಮನೆ ಮುಟ್ಟುವಾಗ ಮೇಸ್ತ್ರಿ ಆಗಲೇ ಹಂಡೆಯನ್ನು ಅಂಗಳಕ್ಕೆ ಹಾಕಿ, ಮಸಿ ಹಿಡಿದ ಗೋಡೆಗೆ ಉಳಿ ಇಟ್ಟಿದ್ದರು. ಒಂದು ಕಲ್ಲು ಕಳಚಿ ಬಿತ್ತು, ಅದರ ಹಿಂದೆಯೇ ಆ ವಾಸನೆ ಬಂತು. ತೆಂಗಿನ ಸಿಪ್ಪೆಯ ಹೊಗೆ, ಒದ್ದೆ ಬಟ್ಟೆ, ಹಳೆಯ ಬೆವರು. ಎಂಟು ವರ್ಷದ ಹಿಂದೆ ಒಂದು ಆದಿತ್ಯವಾರ ಬೆಳಿಗ್ಗೆ ಇದೇ ವಾಸನೆ ನನ್ನ ತಲೆಯನ್ನು ಸುತ್ತಿಕೊಂಡಿತ್ತು.

ನಾನಾಗ ಮೂಡುಬಿದಿರೆಯಲ್ಲಿ ಎರಡನೇ ಪಿಯುಸಿ. ಬಾಪ, ಅಂದರೆ ಅಪ್ಪ, ಮತ್ತು ಅಣ್ಣ ಹನೀಫಾಕ ದುಬೈಯಲ್ಲಿ, ಮನೆಯಲ್ಲಿ ಉಮ್ಮ ಮತ್ತು ನಾನು, ತಾಯಿ ಮಗಳು ಇಬ್ಬರೇ. ಹಿಂದಿನ ವರ್ಷ ಕಾಲೇಜಿನ ಕ್ರೀಡಾಕೂಟದಲ್ಲಿ ಯಾರದೋ ಸೈಕಲ್ ಹತ್ತಿ ಗೆದ್ದುಬಿಟ್ಟದ್ದು ನನ್ನ ಗ್ರಹಚಾರ. ಪಿ.ಟಿ. ಮೇಷ್ಟ್ರು ವಸಂತ ಸರ್ ಮರುದಿನವೇ ನನ್ನನ್ನು ಕರೆದು, "ರಜಿಯಾ, ನಿನ್ನ ಕಾಲಲ್ಲಿ ಏನೋ ಉಂಟು ಮಾರಾಯ್ತಿ, ಸುಮ್ಮನೆ ಬಸ್ಸಲ್ಲಿ ಕೂತು ಹಾಳು ಮಾಡ್ಬೇಡ" ಎಂದರು. ಆ ಮಾತಿಗೆ ನಾನು ಒಂದು ವರ್ಷ ಬೆಳಿಗ್ಗೆ ಐದಕ್ಕೆ ಎದ್ದೆ.

ಉಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪಕ್ಕದ ಮನೆಯವರು "ಹೆಣ್ಣುಮಗಳಿಗೆ ಯಾಕೆ ಬೇಕು ಈ ಓಡಾಟ" ಎಂದು ಕೇಳಿದರೆ, "ಅವಳ ಬಾಪನನ್ನು ಕೇಳಿ" ಎಂದು ದುಬೈ ಕಡೆ ದಾಟಿಸಿಬಿಡುತ್ತಿದ್ದರು. ನನಗೆ ಮಾತ್ರ ಒಂದೇ ಒಂದು ಷರತ್ತು ಹಾಕಿದ್ದರು. ನಮ್ಮ ಮನೆಮಾತು ಬ್ಯಾರಿ, ಕನ್ನಡದಲ್ಲಿ ಹೇಳಿದರೆ ಇಷ್ಟು: "ತಲೆಗೆ ಪೆಟ್ಟಾಯ್ತು ಅಂತ ನನ್ನ ಕಿವಿಗೆ ಬಿದ್ದ ದಿನ ಸೈಕಲ್ ಮುಗೀತು." ಉಮ್ಮನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡವರು. ಹಾಗಾಗಿ ಆ ಷರತ್ತನ್ನು ಸಡಿಲ ಮಾಡುವ ಮಾತೇ ಇರಲಿಲ್ಲ.

ನನ್ನ ಹತ್ತಿರ ಎರಡು ಹೆಲ್ಮೆಟ್ಟು ಇದ್ದವು. ಒಂದು ಸಾದಾ, ಮೈತುಂಬ ತೂತಿನದು, ಅಭ್ಯಾಸಕ್ಕೆ. ಇನ್ನೊಂದು ಹನೀಫಾಕ ದುಬೈಯಿಂದ ಕಳಿಸಿದ್ದು, ಏರೋ ಹೆಲ್ಮೆಟ್ಟು. ನುಣ್ಣಗೆ, ಕಿವಿ ಮುಚ್ಚುವ, ಹಿಂದಕ್ಕೆ ಚೂಪಾದ ಬಾಲ ಇರುವ ಬಿಳಿ ವಸ್ತು. ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದ ದೀಕ್ಷಾ ಅದನ್ನು ನೋಡಿದ ಕೂಡಲೇ "ತಂಬಿಗೆ ಕವುಚಿ ಹಾಕಿದ ಹಾಗೆ ಉಂಟು" ಎಂದು ನಕ್ಕಿದ್ದಳು. ದೀಕ್ಷಾ ಬೆಳ್ತಂಗಡಿ ಕಡೆಯ ರಬ್ಬರು ತೋಟದವರ ಮಗಳು, ಹಾಸ್ಟೆಲಿನಲ್ಲಿದ್ದಳು. ನಗುವಾಗಲೂ ಅವಳ ಕಣ್ಣು ಆ ತಂಬಿಗೆಯ ಮೇಲೆಯೇ ಇತ್ತು. ಅವಳ ಏರೋ ಹೆಲ್ಮೆಟ್ಟು ಬೇರೊಬ್ಬರು ಬಳಸಿ ಬಿಟ್ಟದ್ದು.

ಯಾವುದನ್ನು ಯಾವಾಗ ಹಾಕುವುದು ಎನ್ನುವುದು ಆ ಮಳೆಗಾಲದ ದೊಡ್ಡ ಜಗಳ. ಟೈಮ್ ಟ್ರಯಲಿನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಎದುರಾಳಿ ಎಂದರೆ ಗಡಿಯಾರ ಮತ್ತು ಗಾಳಿ. ಜೋರಾಗಿ ಹೋಗುವಾಗ ಗಾಳಿಯನ್ನು ಜಾರಿಸಿ ಬಿಡುವುದು ಏರೋದ ಕೆಲಸ. ಆದರೆ ತಲೆ ಅಲ್ಲಾಡದೆ ಇದ್ದರೆ ಮಾತ್ರ. ಸುಸ್ತಾಗಿ ತಲೆ ತಗ್ಗಿಸಿದಿರೋ, ಬಾಲ ಮೇಲೆದ್ದು ಅದೇ ಗಾಳಿಯನ್ನು ಹಿಡಿದು ನಿಲ್ಲಿಸುತ್ತದೆ. ಏರು ರಸ್ತೆಯಲ್ಲಿ ಅದರಿಂದ ಲಾಭ ಕಡಿಮೆ, ಸೆಕೆ ಮಾತ್ರ ಪೂರ್ತಿ. ನಾನು ತಲೆಗೆ ತೆಳು ಹತ್ತಿಯ ಟೊಪ್ಪಿ ಕಟ್ಟಿ ಅದರ ಮೇಲೆ ಹೆಲ್ಮೆಟ್ಟು ಹಾಕುವವಳು. ನನಗಂತೂ ಒಳಗೆ ಇಡ್ಲಿ ಬೇಯುವಷ್ಟು ಹಬೆ. ಎಲ್ಲಕ್ಕಿಂತ ಹೆಚ್ಚಾಗಿ ಕಿವಿ ಮುಚ್ಚುತ್ತದೆ. ನಮ್ಮ ರಸ್ತೆಯ ಎಕ್ಸ್‌ಪ್ರೆಸ್ ಬಸ್ಸುಗಳು ಹಾರ್ನಿನ ಮೇಲೆಯೇ ಓಡುವಂಥವು, ಅದು ಕೇಳದಿದ್ದರೆ ದೇವರೇ ಗತಿ.

ಸರ್ ಹೇಳುತ್ತಿದ್ದದ್ದು, "ವಾರಕ್ಕೆ ಎರಡು ದಿನವಾದ್ರೂ ಅದನ್ನು ಹಾಕಿ ಓಡಿಸು. ರೇಸಿನ ದಿನ ಹೊಸದು ಅಂತ ಯಾವುದೂ ಇರ್ಬಾರ್ದು, ಕಾಲಿನ ಸಾಕ್ಸ್ ಕೂಡ." ನಾನು ಕೇಳಲಿಲ್ಲ. ಮಳೆಗೆ ಹಾಳಾಗುತ್ತದೆ ಎಂದು ಅದನ್ನು ಪೆಟ್ಟಿಗೆಯ ಸಮೇತ ಕಪಾಟಿನಲ್ಲಿ, ಪೆರ್ನಾಲ್ ಹಬ್ಬದ ಹೊಸ ಬಟ್ಟೆಯ ಪಕ್ಕದಲ್ಲಿಟ್ಟು ಬೀಗ ಹಾಕಿದ್ದೆ. ದಿನಾ ಬೆಳಿಗ್ಗೆ ಸಾದಾ ಹೆಲ್ಮೆಟ್ಟಿನಲ್ಲಿ ಪಾಣೆಮಂಗಳೂರು ಸೇತುವೆ ದಾಟಿ, ಬಿ.ಸಿ. ರೋಡಿನಿಂದ ಪೊಳಲಿ ಕಡೆಗೆ ಹೋಗುತ್ತಿದ್ದೆ. ವಾರಕ್ಕೆ ಮೂರು ದಿನ ದೀಕ್ಷಾ ಮೂಡುಬಿದಿರೆ ಕಡೆಯಿಂದ ಬರುತ್ತಿದ್ದಳು, ಅವಳ ಹಿಂದೆ ತೋಡಾರಿನ ಮನೆಯಿಂದ ಸರ್ ಸ್ಕೂಟರಿನಲ್ಲಿ.

ಮಳೆಯಲ್ಲಿ ನೆನೆದು ಮನೆಗೆ ಬಂದರೆ ನನ್ನ ಕೆಲಸ ಮುಗಿಯಿತು. ಹೆಲ್ಮೆಟ್ಟನ್ನು ಜಗಲಿಯಲ್ಲಿ ಬಿಸಾಡಿ ಬಸ್ಸಿಗೆ ಓಡುತ್ತಿದ್ದೆ. ಮರುದಿನ ಬೆಳಿಗ್ಗೆ ಅದು ಒಣಗಿ, ಬೆಚ್ಚಗೆ, ಸೈಕಲಿನ ಹ್ಯಾಂಡಲಿಗೆ ನೇತಾಡುತ್ತಿರುತ್ತಿತ್ತು. ಬಚ್ಚಲುಮನೆಯ ಹಂಡೆಯ ಮೇಲೆ ಒಂದು ಬಿದಿರಿನ ಗಳ ಇತ್ತು. ಮಳೆಗಾಲದಲ್ಲಿ ನಮ್ಮ ಯೂನಿಫಾರ್ಮು, ಟವೆಲು, ಬಾಪನ ಕೊಡೆ ಎಲ್ಲ ಒಣಗಿದ್ದು ಅಲ್ಲೇ. ಉಮ್ಮ ನನ್ನ ಹೆಲ್ಮೆಟ್ಟನ್ನೂ ಪಟ್ಟಿಯಿಂದ ಅದಕ್ಕೆ ನೇತುಹಾಕಿ, ಕೆಳಗೆ ಸಿಪ್ಪೆ ಒಟ್ಟುತ್ತಿದ್ದರು. ನನ್ನ ಸೈಕಲಿಗೆ ಉಮ್ಮ ಬಾಯಿಬಿಟ್ಟು ಒಪ್ಪಿಗೆ ಕೊಟ್ಟದ್ದೇ ಇಲ್ಲ. ಆ ಬೆಚ್ಚಗಿನ ಹೆಲ್ಮೆಟ್ಟೇ ನನಗೆ ಸಿಕ್ಕ ಒಪ್ಪಿಗೆ, ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆಗಸ್ಟಿನಲ್ಲಿ ಹೆಲ್ಮೆಟ್ಟು ಸ್ವಲ್ಪ ಸಡಿಲವಾದ ಹಾಗೆ ಅನಿಸಿತು. ಹಿಂದಿನ ತಿರುಪನ್ನು ಎರಡು ಸುತ್ತು ಹೆಚ್ಚು ಬಿಗಿ ಮಾಡಿಕೊಂಡೆ. ಅಭ್ಯಾಸ ಮಾಡಿ ಮಾಡಿ ಮುಖ ಸಪೂರ ಆಗಿರಬೇಕು ಎಂದು ಕನ್ನಡಿಯ ಮುಂದೆ ನಿಂತು ಖುಷಿಪಟ್ಟದ್ದೂ ಉಂಟು. ಇಂಥ ದಡ್ಡತನವನ್ನು ಬರೆಯುವುದಕ್ಕೆ ಈಗಲೂ ನಾಚಿಕೆ.

ಸೆಪ್ಟೆಂಬರ್ ಕೊನೆಗೆ ಬಿದ್ದೆ. ಪೊಳಲಿಗೆ ಇನ್ನೇನು ಒಂದು ತಿರುವು ಇತ್ತು. ಮುಂದೆ ಹೋಗುತ್ತಿದ್ದ ಬಸ್ಸು ಕೈತೋರಿಸಿದವರಿಗಾಗಿ ಗಕ್ಕನೆ ನಿಂತಿತು. ನಾನು ಬ್ರೇಕ್ ಹಿಡಿದೆ, ಒದ್ದೆ ರಸ್ತೆಯಲ್ಲಿ ಚಕ್ರ ಜಾರಿ ಪಕ್ಕಕ್ಕೆ ಮಗುಚಿದೆ. ವೇಗವೇನೂ ಇರಲಿಲ್ಲ. ಮೊಣಕೈ ತರಚಿತು, ತಲೆ ಮೋರಿಯ ಕಟ್ಟೆಗೆ ತಾಗಿತು ಅಷ್ಟೇ. ಆದರೆ ಕಿವಿಯ ಪಕ್ಕದಲ್ಲಿ ಹಪ್ಪಳ ಮುರಿದ ಹಾಗೆ ಸದ್ದು ಕೇಳಿಸಿತು. ಎದ್ದು ಕೂತು ಪಟ್ಟಿ ಬಿಚ್ಚಿದರೆ ಹೆಲ್ಮೆಟ್ಟು ಎರಡು ಹೋಳಾಗಿ ಕೈಗೆ ಬಂತು.

ಎದುರಿನಿಂದ ದೀಕ್ಷಾಳ ಹಿಂದೆ ಬರುತ್ತಿದ್ದ ವಸಂತ ಸರ್ ಸ್ಕೂಟರನ್ನು ಬಿಸಾಡಿ ಓಡಿ ಬಂದರು. ನನ್ನ ಕಣ್ಣು ನೋಡಿದರು, ಹೆಸರು ಕೇಳಿದರು, ಇವತ್ತು ಯಾವ ವಾರ ಎಂದು ಕೇಳಿದರು. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ ಮೇಲೆ ಹೋಳುಗಳನ್ನು ಎತ್ತಿಕೊಂಡರು. ಒಳಗಿನ ಥರ್ಮೋಕೋಲನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಹಳೆ ರಸ್ಕಿನ ಹಾಗೆ ಉದುರಿತು.

"ಇಷ್ಟು ಸಣ್ಣ ಪೆಟ್ಟಿಗೆ ಹೀಗೆ ಆಗ್ಬಾರ್ದು. ಇದು ಕುಗ್ಗಿದೆ, ಚಿಪ್ಪಿನಿಂದ ಬಿಟ್ಟು ಬಂದಿದೆ ನೋಡು. ಎಂತ ಮಾಡಿದ್ದೀ ಇದಕ್ಕೆ?" ಎಂದು ಮೂಗಿನ ಹತ್ತಿರ ಹಿಡಿದರು. "ಹೊಗೆ ವಾಸನೆ ಬರ್ತದಲ್ಲ? ಎಲ್ಲಿ ಒಣಗಿಸ್ತೀ?"

ನಾನು ಹೇಳಿದೆ. ದೀಕ್ಷಾ ಮಧ್ಯೆ ಬಾಯಿ ಹಾಕಿ, "ಸರ್, ನಮ್ಮಲ್ಲಿ ರಬ್ಬರ್ ಶೀಟೇ ಹಾಗೆ ಒಣಗಿಸುವುದು" ಎಂದಳು. ಸರ್ ನಗಲಿಲ್ಲ.

"ಬೆಂಕಿಯ ಕಾವಿಗೆ ದಿನಾ ಇಟ್ಟರೆ ಥರ್ಮೋಕೋಲು ಉಳಿತದಾ? ನೀನು ಇಷ್ಟು ದಿನ ಹಾಕಿದ್ದು ಹೆಲ್ಮೆಟ್ಟಲ್ಲ, ಬರೀ ಟೊಪ್ಪಿ. ಮನೆಗೆ ಹೋಗಿ ಅಮ್ಮನಿಗೆ ಹೇಳು, ಇವತ್ತೇ ಹೇಳು."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಗೆ ಹೇಳುವುದು? ಹೇಳಿದರೆ ತಲೆಗೆ ಪೆಟ್ಟಾದದ್ದು ಗೊತ್ತಾಗುತ್ತದೆ, ಅಲ್ಲಿಗೆ ಸೈಕಲ್ ಮುಗಿಯುತ್ತದೆ. ಜಿಲ್ಲೆಯ ಆಯ್ಕೆಗೆ ಐದು ವಾರ ಇತ್ತು. ಟೈಮ್ ಟ್ರಯಲಿನಲ್ಲಿ ಮೊದಲ ಇಬ್ಬರು ಹುಡುಗಿಯರಿಗೆ ರಾಜ್ಯದ ಕೂಟಕ್ಕೆ ಹೋಗುವ ಅವಕಾಶ. ಇನ್ನೊಂದು ಭಯ ಅದಕ್ಕಿಂತ ದೊಡ್ಡದಾಗಿತ್ತು. ನನ್ನ ತಲೆ ಒಡೆಯಬಾರದು ಎಂದು ಜೀವ ಬಿಡುವ ಉಮ್ಮನಿಗೆ, ನಿಮ್ಮ ಕೈಯಿಂದಲೇ ಹೆಲ್ಮೆಟ್ಟು ಹಾಳಾಯಿತು ಎಂದು ಯಾವ ಬಾಯಿಂದ ಹೇಳಲಿ? ಮೊಣಕೈಗೆ ಉದ್ದ ತೋಳಿನ ಅಂಗಿ ಹಾಕಿಕೊಂಡೆ. ಹೆಲ್ಮೆಟ್ಟು ಎಲ್ಲಿ ಎಂದು ಉಮ್ಮ ಕೇಳಿದ್ದಕ್ಕೆ, "ಕಾಲೇಜಿನಲ್ಲಿ ಇಟ್ಟಿದ್ದೇನೆ, ರೇಸು ಹತ್ತಿರ ಬಂತಲ್ಲ, ಇನ್ನು ಹೊಸದನ್ನೇ ಹಾಕಬೇಕಂತೆ" ಎಂದುಬಿಟ್ಟೆ. ಸರ್ ಕೇಳಿದಾಗಲೂ ಅಷ್ಟೇ ಸಲೀಸಾಗಿ, "ಹೇಳಿದೆ ಸರ್" ಎಂದೆ.

ಕಪಾಟಿನ ಬೀಗ ತೆಗೆದು ಏರೋ ಹೊರಗೆ ಬಂತು. ಓಡಿಸಿ ಬಂದ ಕೂಡಲೇ ಒರೆಸಿ, ಉಮ್ಮನ ಕೈಗೆ ಸಿಗದ ಹಾಗೆ ಮತ್ತೆ ಅಲ್ಲೇ ಇಡುತ್ತಿದ್ದೆ. ಆ ಐದು ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಮೊದಲ ದಿನ ಹಿಂದಿನಿಂದ ಬಂದ ಬಸ್ಸು ಮೊಣಕೈ ತಾಗುವಷ್ಟು ಹತ್ತಿರ ದಾಟಿದ ಮೇಲೆಯೇ ಅದು ಬಂದದ್ದು ತಿಳಿಯಿತು. ಆಮೇಲೆ ಸರ್ ಸ್ಕೂಟರನ್ನು ನನ್ನ ಬೆನ್ನಿಗೇ ಅಂಟಿಸಿಕೊಂಡು ಬರತೊಡಗಿದರು, ಬಸ್ಸು ಬಂದರೆ ಬಲಕ್ಕೆ ಸರಿದು ಅದಕ್ಕೆ ಕೈ ತೋರಿಸುವರು. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಕತ್ತು ತಗ್ಗಿದರೆ ಹಿಂದಿನಿಂದ "ಬಾಲ! ಬಾಲ!" ಎಂದು ಕೂಗು. ಆದರೂ ಸಮತಟ್ಟು ರಸ್ತೆಯಲ್ಲಿ ಅದು ಒಮ್ಮೆ ಹೊಂದಿಕೊಂಡರೆ, ಮುಂದಿನಿಂದ ಯಾರೋ ಬಾಗಿಲು ತೆರೆದು ಕೊಟ್ಟಂತೆ ಹೋಗುತ್ತಿದ್ದೆ. ಅಕ್ಟೋಬರ್ ಕೊನೆಗೆ ದೀಕ್ಷಾಳ ಸಮಯವನ್ನು ನಾನು ಎರಡು ಸಲ ದಾಟಿದೆ. ಅವಳು ಮಾತು ಕಡಿಮೆ ಮಾಡಿದಳು.

ಆಯ್ಕೆಯ ಹಿಂದಿನ ದಿನ ಸಂಜೆ ಗುಡುಗು ಮಳೆ ಬಂತು. ಕೊನೆಯ ಸಣ್ಣ ಓಟ ಮುಗಿಸಿ ಪೂರ್ತಿ ನೆನೆದು ಬಂದೆ. ಹೆಲ್ಮೆಟ್ಟನ್ನು ಜಗಲಿಯ ಬೆಂಚಿನ ಮೇಲಿಟ್ಟು, ಸ್ವಲ್ಪ ಮಲಗುತ್ತೇನೆ ಎಂದು ಒಳಗೆ ಹೋದವಳು ಬೆಳಗಿನ ಬಾಂಗಿಗೇ ಎದ್ದದ್ದು. ಮುಖ ತೊಳೆಯಲು ಬಚ್ಚಲುಮನೆಗೆ ಕಾಲಿಟ್ಟೆ. ಹಂಡೆಯ ಮೇಲೆ, ಗಳಕ್ಕೆ, ನನ್ನ ಬಿಳಿ ಹೆಲ್ಮೆಟ್ಟು ತೂಗುತ್ತಿತ್ತು. ಕೆಳಗೆ ಕೆಂಡ ಇನ್ನೂ ಇತ್ತು. ಮುಟ್ಟಿದೆ. ಬೆಚ್ಚಗಿತ್ತು.

ನಾನು ಕಿರುಚಿದೆ. ಅಂಥ ಸ್ವರ ನನ್ನಲ್ಲಿ ಇತ್ತು ಎಂದು ನನಗೇ ಗೊತ್ತಿರಲಿಲ್ಲ. ಉಮ್ಮ ನಮಾಜಿನ ಬಟ್ಟೆಯಲ್ಲೇ ಓಡಿ ಬಂದರು.

"ಯಾರು ಹೇಳಿದ್ದು ನಿಮಗೆ ಇದನ್ನು ಇಲ್ಲಿ ಹಾಕಲಿಕ್ಕೆ? ಹಳೆಯದನ್ನೂ ನೀವೇ ಹೀಗೆ ಹಾಳು ಮಾಡಿದ್ದು! ಬಿದ್ದಾಗ ಎರಡು ತುಂಡಾಯ್ತು, ಗೊತ್ತುಂಟಾ?"

ಬಾಯಿಂದ ಹೊರಬಿದ್ದ ಮೇಲೆ ಏನು ಹೇಳಿದೆ ಎಂದು ತಿಳಿಯಿತು. ಉಮ್ಮ ಕೈ ಚಾಚಿ ಹೆಲ್ಮೆಟ್ಟನ್ನು ಗಳದಿಂದ ಇಳಿಸಿದರು.

"ಬಿದ್ದದ್ದಾ? ತಲೆಗಾ?"

"ಹೂಂ."

"ಯಾವಾಗ?"

"ಸೆಪ್ಟೆಂಬರಿನಲ್ಲಿ."

"ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದರೆ ನೀವು ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ, ಹೌದು" ಎಂದರು ಉಮ್ಮ. ಆಮೇಲೆ ತುಂಬ ಮೆಲ್ಲಗೆ, "ಆದ್ರೆ ಇದನ್ನು ಇಲ್ಲಿ ಹಾಕ್ತಲೂ ಇರಲಿಲ್ಲ" ಎಂದರು.

ಅಷ್ಟರಲ್ಲಿ ಸರ್ ಓಮ್ನಿ ತಂದು ಗೇಟಿನ ಹತ್ತಿರ ನಿಲ್ಲಿಸಿದರು. ಅದುವರೆಗೆ ಉಮ್ಮ ಅವರ ಎದುರು ಬಂದವರಲ್ಲ, ಬಾಗಿಲ ಹಿಂದಿನಿಂದಲೇ ಸಲಾಂ ಹೇಳಿಸುವವರು. ಆ ದಿನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳಕ್ಕೆ ಇಳಿದರು. ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ ಕೇಳಿದರು. "ಇದನ್ನು ನಾನು ರಾತ್ರಿ ಒಲೆಯ ಮೇಲೆ ಹಾಕಿದೆ ಸರ್. ಇವಳು ಹಾಕಬಹುದಾ?"

ಸರ್ ನನ್ನ ಮುಖ ನೋಡಿದರು. ನಾನು ಅವರಿಗೂ ಸುಳ್ಳು ಹೇಳಿದ್ದೆ ಎನ್ನುವುದು ಆ ಒಂದು ಪ್ರಶ್ನೆಯಲ್ಲೇ ಅವರಿಗೆ ತಿಳಿದಿತ್ತು. ಹೆಲ್ಮೆಟ್ಟನ್ನು ಮಗುಚಿ ಅಂಚಿನುದ್ದಕ್ಕೂ ಒತ್ತಿ ನೋಡಿದರು, ಬೆಳಕಿಗೆ ಹಿಡಿದರು, ಚಿಪ್ಪನ್ನು ಬೆರಳಿನಿಂದ ತಟ್ಟಿ ಕೇಳಿದರು. ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಹಾಳಾದ ಹಾಗೆ ಕಾಣುವುದಿಲ್ಲಮ್ಮ. ಒಂದೇ ದಿನ ಅಲ್ವಾ, ಏನೂ ಆಗಿರಲಿಕ್ಕಿಲ್ಲ. ಆದ್ರೆ ಹೊರಗಿಂದ ನೋಡಿ ಖಂಡಿತ ಹೇಳ್ಲಿಕ್ಕೆ ಆಗುವುದಿಲ್ಲ. ಸಂಶಯ ಬಂದ ಮೇಲೆ ಹಾಕ್ಬಾರ್ದು ಅಂತ ನಾನೇ ಮಕ್ಕಳಿಗೆ ಹೇಳುವುದು." ಹೆಲ್ಮೆಟ್ಟನ್ನು ಉಮ್ಮನ ಕೈಗೆ ಹಿಂದೆ ಕೊಟ್ಟು, "ದೀಕ್ಷಾಳ ಹತ್ತಿರ ಅಭ್ಯಾಸದ್ದು ಒಂದು ಸಾದಾ ಉಂಟು, ಗಟ್ಟಿ ಉಂಟು" ಎಂದರು.

ಈಗ ಉಮ್ಮ ಸೈಕಲೇ ಬೇಡ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಏರೋವನ್ನು ನನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದು, "ನಾನು ಏನೂ ಹೇಳುವುದಿಲ್ಲ. ತಲೆ ನಿನ್ನದು" ಎಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮೂಡುಬಿದಿರೆಯ ಹೊರಗೆ, ತೋಡಾರಿನ ಆಚೆ ರಸ್ತೆಬದಿಯಲ್ಲಿ ಗೆರೆ ಎಳೆದಿದ್ದರು. ಮಂಗಳೂರು ಕಡೆಗೆ ಹತ್ತು ಕಿಲೋಮೀಟರು ಹೋಗಿ ಅಲ್ಲಿಂದ ತಿರುಗಿ ಬರುವುದು. ಸರ್ ಮೊದಲೇ ಫೋನ್ ಮಾಡಿ ಹೇಳಿದ್ದರು, ದೀಕ್ಷಾ ಏನೂ ಕೇಳದೆ ತನ್ನ ಸಾದಾ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಗೆರೆಯ ಕಡೆ ಹೋದಳು. ನನಗಿಂತ ಆರು ನಿಮಿಷ ಮೊದಲು ಅವಳ ಸರದಿ. ಸರ್ ಅಧಿಕಾರಿಗಳ ಮೇಜಿನ ಹತ್ತಿರ ಇದ್ದರು, ಬೇಕೆಂದೇ ಈ ಕಡೆ ಬೆನ್ನು ಹಾಕಿದ್ದರು. ತಪಾಸಣೆಯವರು ಪಟ್ಟಿ ಬಿಗಿದಿದೆಯೇ ಎಂದು ಎಳೆದು ನೋಡುತ್ತಿದ್ದರು, ಅಷ್ಟೇ. ಯಾವುದನ್ನು ಹಾಕಿದರೂ ಕೇಳುವವರಿಲ್ಲ.

ನಾನು ಜಿಪ್ ಎಳೆದು ಏರೋವನ್ನು ಹಾಕಿಕೊಂಡೆ. ನಿಜ ಹೇಳುತ್ತೇನೆ, ಹಾಕಿಕೊಂಡೆ. ಏನೂ ಆಗಿಲ್ಲ, ಬೀಳುವುದೂ ಇಲ್ಲ, ಮುಕ್ಕಾಲು ಗಂಟೆಯ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಕಿವಿ ಮುಚ್ಚಿತು. ರಸ್ತೆಯ ಸದ್ದೆಲ್ಲ ದೂರ ಹೋಯಿತು. ಉಸಿರು ಮಾತ್ರ ಕೇಳುತ್ತಿತ್ತು, ಮತ್ತು ಉಸಿರಿನ ಜೊತೆ ಹೊಗೆಯ ವಾಸನೆ. ನಮ್ಮ ಬಚ್ಚಲುಮನೆಯನ್ನೇ ತಲೆಗೆ ಹಾಕಿಕೊಂಡ ಹಾಗೆ. ನಾನು ಮಲಗಿದ ಮೇಲೆ ಉಮ್ಮ ಸೊಂಟ ಹಿಡಿದುಕೊಂಡು ಒಲೆಯ ಮುಂದೆ ಕೂತು, ನಾಳೆ ಮಗಳಿಗೆ ಒದ್ದೆ ಆಗಬಾರದು ಎಂದು ಸಿಪ್ಪೆ ಒಂದೊಂದೇ ಹಾಕಿದ್ದು ಕಣ್ಣಿಗೆ ಕಟ್ಟಿತು. ಇದನ್ನು ಹಾಕಿ ನನಗೇನಾದರೂ ಆದರೆ ಉಮ್ಮ ಬದುಕಿರುವಷ್ಟು ದಿನ ಆ ಒಲೆಯ ಮುಂದೆಯೇ ಕೂತಿರುತ್ತಾರೆ.

ಎರಡು ನಿಮಿಷ ಇದೆ ಎಂದು ನನ್ನ ನಂಬರು ಕೂಗಿದರು. ಏರೋದ ಪಟ್ಟಿ ಬಿಚ್ಚಿದೆ. ಕಿತ್ತು ತೆಗೆದು ಬ್ಯಾಗಿನ ಮೇಲೆ ಎಸೆದೆ. ದೀಕ್ಷಾಳ ಹೆಲ್ಮೆಟ್ಟಿಗೆ ನನ್ನ ತಲೆ ಸರಿಯಾಗಲು ತಿರುಪು ಐದಾರು ಸುತ್ತು ಬೇಕಾಯಿತು. ಗೆರೆಯ ಮೇಲೆ ನಿಂತಾಗ ಸರ್ ಈ ಕಡೆ ತಿರುಗಿ ನೋಡಿದರು, ಮುಖ ಒರೆಸಿಕೊಂಡರು.

ಹೋಗುವಾಗ ಚೆನ್ನಾಗಿಯೇ ಹೋದೆ. ತಿರುಗಿ ಬರುವಾಗ ಎದುರುಗಾಳಿ ಇತ್ತು. ಹೆಲ್ಮೆಟ್ಟಿನ ಅಷ್ಟೂ ತೂತಿನಲ್ಲಿ ಗಾಳಿ ಶಿಳ್ಳೆ ಹಾಕುತ್ತಿತ್ತು. ಒಂದೊಂದು ಶಿಳ್ಳೆಗೂ ಒಂದೊಂದು ಸೆಕೆಂಡು ಹೋಗುತ್ತಿದೆ ಎಂದು ಅನಿಸಿ ಹಲ್ಲು ಕಚ್ಚಿ ತುಳಿದೆ. ಕೊನೆಯ ಏರಿನಲ್ಲಿ ಕಣ್ಣಿಗೆ ಕತ್ತಲೆ ಬಂತು.

ಮೂರನೆಯವಳಾದೆ. ಎರಡನೆಯವಳು ದೀಕ್ಷಾ. ನಮ್ಮ ಮಧ್ಯೆ ಹನ್ನೊಂದು ಸೆಕೆಂಡು. ಫಲಿತಾಂಶ ಓದಿದಾಗ ಅತ್ತದ್ದು ಅವಳು. "ನಿನ್ನದು ಸರಿ ಇದ್ದಿದ್ದರೆ ನಾನು ಹೋಗ್ತಿರಲಿಲ್ಲ ಅಲ್ವಾ?" ಎಂದು ನನ್ನನ್ನೇ ಹಿಡಿದುಕೊಂಡು ಕೇಳಿದಳು. "ಸುಮ್ಮನೆ ಇರು ಮಾರಾಯ್ತಿ" ಎಂದು ಅವಳ ಹೆಲ್ಮೆಟ್ಟನ್ನು ಅವಳ ತಲೆಗೆ ಇಟ್ಟೆ.

ಉಮ್ಮ ಗೇಟಿನಲ್ಲೇ ನಿಂತಿದ್ದರು. ಮೊದಲು ತಲೆ ಮುಟ್ಟಿ ನೋಡಿದರು. ಆಮೇಲೆ ಕೇಳಿದರು.

"ಆಯ್ತಾ?"

"ಇಲ್ಲ. ಮೂರನೆಯದು."

"ಅದನ್ನು ಹಾಕಿದ್ದರೆ ಆಗ್ತಿತ್ತಾ?"

ಐದು ವಾರ ಹೆದರಿ ಸುಳ್ಳು ಹೇಳಿದವಳಿಗೆ ಇನ್ನೊಂದು ಸುಳ್ಳು ಕಷ್ಟವಾಗಲಿಲ್ಲ. "ಇಲ್ಲ ಉಮ್ಮ, ಕಾಲಲ್ಲಿ ಬಲ ಸಾಲಲಿಲ್ಲ" ಎಂದೆ. ಅವರು ತಲೆಯಾಡಿಸಿ ಅನ್ನ ಬಡಿಸಲು ಹೋದರು. ಬ್ಯಾಗಿನಿಂದ ಹೆಲ್ಮೆಟ್ಟನ್ನು ಅವರೇ ತೆಗೆದುಕೊಂಡರು, ನಾನು ಮತ್ತೆ ಅದನ್ನು ಕೇಳಲಿಲ್ಲ. ಸೈಕಲ್ ಬಿಡು ಎಂದು ಅವರು ಆಮೇಲೆ ಒಂದು ದಿನವೂ ಹೇಳಲಿಲ್ಲ. ನಾನು ಓಡಿಸುತ್ತಲೇ ಓದಿ, ಪಿ.ಟಿ. ಟೀಚರ್ ಆದೆ. ನನ್ನ ಶಾಲೆಯ ಹುಡುಗಿಯರು ಸೈಕಲ್ ಅಭ್ಯಾಸಕ್ಕೆ ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ, ಹೆಲ್ಮೆಟ್ಟು ಎಲ್ಲಿ ಒಣಗಿಸ್ತೀರಿ ಎಂದು. ಟೀಚರಿಗೆ ಸ್ವಲ್ಪ ಲೂಸು ಎಂದು ಅವರು ಮಾತಾಡಿಕೊಳ್ಳುವುದು ನನಗೆ ಗೊತ್ತುಂಟು.

ಮೊನ್ನೆ ಮೇಸ್ತ್ರಿ ಗೋಡೆ ಒಡೆದು ಚಹಾಕ್ಕೆ ಕೂತಾಗ ಉಮ್ಮ ಕಪಾಟಿನಿಂದ ಆ ದುಬೈ ಪೆಟ್ಟಿಗೆ ತಂದರು. "ಇದನ್ನೂ ತೆಗೆದುಕೊಂಡು ಹೋಗು. ಒಲೆಯೇ ಹೋದ ಮೇಲೆ ಇದು ಯಾಕೆ ನನಗೆ" ಎಂದರು. ತೆರೆದೆ. ಬಿಳಿ ಚಿಪ್ಪು ಹಳದಿಗೆ ತಿರುಗಿತ್ತು. ಮಗುಚಿ ನೋಡಿದರೆ ಒಳಗಿನ ಥರ್ಮೋಕೋಲಿನ ತುಂಬ ಸಣ್ಣ ಸಣ್ಣ ಗುಳಿಗಳು. ಮೊದಲು ಇಲಿ ಅಂದುಕೊಂಡೆ. ಬೆರಳಿಟ್ಟಾಗ ಗೊತ್ತಾಯಿತು. ಹೆಬ್ಬೆರಳಿನ ಗುರುತು, ನನ್ನದಕ್ಕಿಂತ ಚಿಕ್ಕದು. ಸರ್ ಒತ್ತಿ ನೋಡಿದ್ದನ್ನು ಅಂಗಳದಲ್ಲಿ ನಿಂತು ಕಂಡ ಉಮ್ಮ, ಎಂಟು ವರ್ಷ ತಾವೂ ಒತ್ತಿ ನೋಡಿದ್ದರು. ಎಷ್ಟು ಸಲವೋ ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.

"ಕೆಲವು ಸಲ ಗಟ್ಟಿ ಅಂತ ಕಾಣ್ತದೆ, ಕೆಲವು ಸಲ ಮೆತ್ತಗೆ" ಎಂದರು ಉಮ್ಮ, ಹಂಡೆಯ ಕಡೆ ನೋಡುತ್ತಾ. "ನೀನು ಕಾಲು ಸಾಲಲಿಲ್ಲ ಅಂದಿ. ನಂಬಿದ ಹಾಗೆ ಮಾಡಿದೆ. ಈಗಲಾದ್ರೂ ನಿಜ ಹೇಳು ಮಗಳೇ."

ನಾನು ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಆ ದಿನವನ್ನು ಮತ್ತೆ ಒಂದೊಂದಾಗಿ ನೆನೆದೆ. ಹನ್ನೊಂದು ಸೆಕೆಂಡು. ಎದುರುಗಾಳಿ. ಕೊನೆಯ ಏರು. ಸೆಕೆ.

"ನನಗೆ ಗೊತ್ತಿಲ್ಲ ಉಮ್ಮ" ಎಂದೆ. "ಅವತ್ತೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ."

ಉಮ್ಮ ಉಸಿರು ಬಿಟ್ಟರು. "ಇಷ್ಟನ್ನೇ ಅವತ್ತು ಹೇಳಿದ್ದರೆ ಆಗ್ತಿತ್ತಲ್ಲ" ಎಂದು ನನ್ನ ಕೈಯಿಂದ ಹೆಲ್ಮೆಟ್ಟನ್ನು ತೆಗೆದು, ಪೆಟ್ಟಿಗೆಗೆ ಹಾಕಿ, ಮುಚ್ಚಳ ಮುಚ್ಚಿದರು. ಆಮೇಲೆ ನಾವಿಬ್ಬರೂ ಸೇರಿ ಹಂಡೆಯ ಮಸಿ ತಿಕ್ಕಲು ಕೂತೆವು.